ಫೇರ್‌ವೇ ವುಡ್ ಯಾವುದು ತಗೊಳ್ಳೋದು, ನೆಲದ ಮೇಲಿಂದ ಹೊಡೆಯೋದು ಹೇಗೆ: ಕಾರವಾರ, ಶಿರಸಿ ಕಡೆಯ ಗಾಲ್ಫ್ ಹುಚ್ಚರಿಗೆ

ನಮ್ಮ ಕಡೆ ಗಾಲ್ಫ್ ಆಡೋರು ಬೆರಳೆಣಿಕೆ ಜನ, ಆದ್ರೂ ಇದ್ದಾರೆ. ನೇವಿಯಲ್ಲಿ ಇದ್ದಾಗ ಕಲ್ತೋರು, ಗಲ್ಫ್‌ನಲ್ಲಿ ಕೆಲಸ ಮಾಡಿ ವಾಪಸ್ ಬಂದೋರು, ಬೆಂಗಳೂರಿನ ಐಟಿ ಕೆಲಸಾನ ಲ್ಯಾಪ್‌ಟಾಪಲ್ಲಿ ಹೊತ್ಕೊಂಡು ಶಿರಸಿಯ ತೋಟದ ಮನೆಗೆ ಬಂದು ಕೂತೋರು. ಕಾರವಾರದಿಂದ ಕಾರಲ್ಲಿ ಮಾಜಾಳಿ ದಾಟಿ, ಪೊಳೆಂ ಚೆಕ್‌ಪೋಸ್ಟ್ ದಾಟಿ ಕಾಣಕೋಣಕ್ಕೆ ಹೋದ್ರೆ ರಾಜಬಾಗದ ಲಲಿತ್ ರೆಸಾರ್ಟಿನಲ್ಲಿ 9 ಹೋಲ್ ಕೋರ್ಸ್ ಇದೆ (ಮೊದಲ ಹೊಡೆತದ ಜಾಗದಿಂದ ಗುಂಡಿವರೆಗಿನದು ಒಂದು ಹೋಲ್), ಸಮುದ್ರದ ಪಕ್ಕದಲ್ಲೇ (ಹೋಗೋ ಮುಂಚೆ ಫೋನ್ ಮಾಡಿ, ಹೊರಗಿನೋರಿಗೆ ಅವತ್ತು ಆಡೋಕೆ ಬಿಡ್ತಾರಾ ಕೇಳ್ಕೊಂಡೇ ಹೋಗಿ). ಅಪರೂಪಕ್ಕೆ ಬೆಂಗಳೂರು, ಮೈಸೂರು, ಚಿಕ್ಕಮಗಳೂರು. ಹೀಗೆ ಅಪರೂಪಕ್ಕೆ ಆಡೋರ ದೂರು ಹೆಚ್ಚುಕಮ್ಮಿ ಒಂದೇ: ಟೀ (ಬಾಲ್ ಎತ್ತರಕ್ಕೆ ಇಡೋ ಪುಟ್ಟ ಗೂಟ) ಮೇಲಿಂದ ಡ್ರೈವರ್ (ಎಲ್ಲಕ್ಕಿಂತ ಉದ್ದದ ಕ್ಲಬ್) ಹೇಗೋ ಹೋಗುತ್ತೆ, 7 ಐರನ್ (ತೆಳು ಲೋಹದ ತಲೆಯ ಕ್ಲಬ್) ಪರವಾಗಿಲ್ಲ, ಆದ್ರೆ ಫೇರ್‌ವೇ (ಗುಂಡಿ ಕಡೆಗೆ ಹೋಗೋ, ಕತ್ತರಿಸಿದ ಹುಲ್ಲಿನ ದಾರಿ) ಮಧ್ಯ ನಿಂತು ವುಡ್ (ದಪ್ಪ ತಲೆಯ ಉದ್ದ ಕ್ಲಬ್) ತೆಗೆದ್ರೆ ಒಂದೋ ಬಾಲ್ ನೆಲ ಬಿಟ್ಟು ಏಳಲ್ಲ, ಇಲ್ಲಾ ಬಾಲಿನ ಹಿಂದೆ ಅರ್ಧ ಅಡಿ ಮಣ್ಣು ಏಳುತ್ತೆ.

ನನ್ನ ಪ್ರಕಾರ ಈ ತೊಂದರೆ ಅರ್ಧ ಸ್ವಿಂಗಲ್ಲಿದೆ, ಇನ್ನರ್ಧ ಬ್ಯಾಗಲ್ಲೇ ಇದೆ. ಸೆಟ್ ಜೊತೆ ಬಂತು ಅಂತ ಇಟ್ಕೊಂಡ 3-ವುಡ್ಡನ್ನ ನೆಲದ ಮೇಲಿಂದ ಹೊಡೆಯೋಕೆ ಹೋಗೋದೇ ಮೊದಲ ತಪ್ಪು. ಹಾಗಾಗಿ ಕ್ಲಬ್ಬಿಂದ ಶುರು ಮಾಡೋಣ.

ಮೊದಲು ಲಾಫ್ಟ್ ನೋಡಿ, ನಂಬರ್ ಆಮೇಲೆ

ಲಾಫ್ಟ್ ಅಂದ್ರೆ ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋ ಕೋನ. ಸಾಮಾನ್ಯವಾಗಿ 3-ವುಡ್ 15 ಡಿಗ್ರಿ, 5-ವುಡ್ 18, 7-ವುಡ್ 21, 9-ವುಡ್ 24ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಇರುತ್ತೆ, ಅದಕ್ಕೇ ಸೋಲ್ (ಕ್ಲಬ್ಬಿನ ತಳ) ಮೇಲೆ ಬರೆದಿರೋ 3, 5 ನೋಡಿ ತೃಪ್ತಿಪಡಬೇಡಿ, ಡಿಗ್ರಿ ಓದಿ. ಉದ್ದಾನೂ ಬೇರೆ ಬೇರೆ, 3-ವುಡ್ 43 ಇಂಚಿನ ಹತ್ರ ಇದ್ರೆ 7-ವುಡ್ ಸುಮಾರು ಒಂದಿಂಚು ಗಿಡ್ಡ. ಕ್ಲಬ್ ಗಿಡ್ಡ ಆದಷ್ಟೂ ಬಾಲಿಗೆ ಮುಖದ ಮಧ್ಯ ತಾಗಿಸೋದು ಸುಲಭ, ಲಾಫ್ಟ್ ಹೆಚ್ಚಾದಷ್ಟೂ ಬಾಲ್ ಎತ್ತರಕ್ಕೆ ಏಳೋದು ಸುಲಭ, ಜೊತೆಗೆ ಪಕ್ಕಕ್ಕೆ ತಿರುಗೋದೂ ಕಮ್ಮಿ.

ಈಗ ಇಲ್ಲಿ ಬಹಳ ಜನ ಒಪ್ಪದ ಮಾತು ಬರುತ್ತೆ. ಡ್ರೈವರಲ್ಲಿ ನಿಮ್ಮ ಕ್ಯಾರಿ, ಅಂದ್ರೆ ಬಾಲ್ ಗಾಳಿಯಲ್ಲಿ ಹೋಗಿ ಬೀಳೋ ದೂರ, 200 ಯಾರ್ಡ್ ಆಸುಪಾಸು ಇದ್ರೆ ನೆಲದ ಮೇಲಿಂದ 3-ವುಡ್ಡಿಗೂ 5-ವುಡ್ಡಿಗೂ ನಿಮಗೆ ದೊಡ್ಡ ವ್ಯತ್ಯಾಸ ಸಿಗಲ್ಲ, ಎಷ್ಟೋ ಸಲ 5-ವುಡ್ಡೇ ದೂರ ಹೋಗುತ್ತೆ. ಕಾರಣ ಸರಳ, 15 ಡಿಗ್ರಿ ಮುಖದಿಂದ ಬಾಲನ್ನ ನೆಲದಿಂದ ಎತ್ತೋಕೆ ಬೇಕಾದ ವೇಗ ನಮ್ಮ ನಿಮ್ಮಂಥೋರ ಕೈಯಲ್ಲಿ ಇರಲ್ಲ, ಬಾಲ್ ತಗ್ಗಲ್ಲೇ ಹೋಗಿ ಬೇಗ ಬೀಳುತ್ತೆ. ಬೇಸಿಗೆಯಲ್ಲಿ ನೆಲ ಗಟ್ಟಿ ಇದ್ದಾಗ ಉರುಳಿಕೊಂಡಾದ್ರೂ ಹೋಗ್ತಿತ್ತು, ಮಳೆ ಬಿದ್ದ ನೆಲದಲ್ಲಿ ಅದೂ ಇಲ್ಲ.

ಹಾಗಾಗಿ ಒಂದೇ ವುಡ್ ತಗೊಳ್ಳೋದಾದ್ರೆ 5-ವುಡ್, ಎರಡು ಅಂದ್ರೆ 5 ಮತ್ತು 7. ಇದು ಹೆಂಗಸರು, ವಯಸ್ಸಾದೋರು ಆಡೋ ಕ್ಲಬ್ ಅನ್ನೋ ಮಾತು ಈಗಲೂ ಕೇಳುತ್ತೆ. 2020ರ ನವೆಂಬರಲ್ಲಿ ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ ಮಾಸ್ಟರ್ಸ್ ಟೂರ್ನಿ ಗೆದ್ದಾಗ ಅವರ ಬ್ಯಾಗಲ್ಲಿ 7-ವುಡ್ ಇತ್ತು, ಅವರಿಗಿಂತ ದೂರ ಹೊಡೆಯೋರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ 4ನೇ ಸ್ಥಾನ ಬಂದಿದ್ದೂ ದೂರ ಹೊಡೆದು ಅಲ್ಲ, ಡ್ರೈವಿಂಗಲ್ಲಿ ಅವರು ಉಳಿದೋರಿಗಿಂತ ಬಹಳ ಹಿಂದೆ ಇದ್ರು.

3-ವುಡ್ ಈಗಾಗಲೇ ಇದೆ, ಏನು ಮಾಡೋದು ಅಂದ್ರೆ ಮಾರಬೇಡಿ, ಅದನ್ನ ಟೀ ಮೇಲಿಂದ ಮಾತ್ರ ಹೊಡೀರಿ. ಇಕ್ಕಟ್ಟಾದ ಹೋಲಲ್ಲಿ ಡ್ರೈವರ್ ಬದಲು ಅದು ಒಳ್ಳೇದೇ.

ಹೈಬ್ರಿಡ್ ಬೇಕಾ ವುಡ್ ಬೇಕಾ

ಹೈಬ್ರಿಡ್ ಅಂದ್ರೆ ವುಡ್ಡಿಗೂ ಐರನ್ನಿಗೂ ಮಧ್ಯದ ಕ್ಲಬ್. ಲಾಫ್ಟ್ ಒಂದೇ ಇದ್ರೂ ವುಡ್ಡಿಗೂ ಇದಕ್ಕೂ ನಡತೆ ಬೇರೆ. ಹೈಬ್ರಿಡ್ಡಿನ ಶಾಫ್ಟ್ (ಕೋಲು) ಗಿಡ್ಡ, ಹೆಡ್ (ತಲೆ) ಚಿಕ್ಕದು, ದಟ್ಟ ಹುಲ್ಲಲ್ಲಿ ನುಗ್ಗಿಕೊಂಡು ಹೋಗುತ್ತೆ, ಬಾಲ್ ಸ್ವಲ್ಪ ತಗ್ಗಲ್ಲಿ ಹೋಗುತ್ತೆ. 7-ವುಡ್ಡಲ್ಲಿ ಬಾಲ್ ಎತ್ತರ ಹೋಗಿ ಮೆತ್ತಗೆ ಇಳಿಯುತ್ತೆ, ಗ್ರೀನ್ (ಗುಂಡಿ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲುತ್ತೆ. ಐರನ್ ಹೊಡೆದಾಗ ನೀವು ದೊಡ್ಡ ಮಣ್ಣಿನ ಚಪ್ಪಡಿ ಎಬ್ಬಿಸೋರಾದ್ರೆ ಹೈಬ್ರಿಡ್ ಕೈಗೆ ಬೇಗ ಹೊಂದುತ್ತೆ, ಹುಲ್ಲನ್ನಷ್ಟೇ ಸವರಿ ಹೊಡೆಯೋರಾದ್ರೆ ವುಡ್. ಒಂದು ಬ್ಯಾಗಲ್ಲಿ 14 ಕ್ಲಬ್ಬಿಗಿಂತ ಜಾಸ್ತಿ ಇರೋ ಹಾಗಿಲ್ಲ, ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸೋ ಆಟ) ಇದಕ್ಕೆ ಒಂದು ಹೋಲಿಗೆ 2 ಸ್ಟ್ರೋಕ್ ದಂಡ, ಒಂದು ರೌಂಡಿಗೆ ಹೆಚ್ಚು ಅಂದ್ರೆ 4, ಆದ್ರಿಂದ ಪ್ರತಿಯೊಂದೂ ತನ್ನ ಜಾಗಕ್ಕೆ ದುಡಿಯೋ ಹಾಗಿರಬೇಕು. ಒಂದು ಕ್ಲಬ್ಬಿಂದ ಮುಂದಿನದಕ್ಕೆ 10ರಿಂದ 15 ಯಾರ್ಡ್ ಅಂತರ ಸಿಗ್ತಿದ್ರೆ ಸರಿ. ಎರಡು ಕ್ಲಬ್ ಒಂದೇ ದೂರ ಹೋಗ್ತಿದ್ರೆ ಒಂದನ್ನ ಮನೆಯಲ್ಲೇ ಬಿಡಿ.

ಶಾಫ್ಟ್ ವಿಷಯದಲ್ಲಿ ಮರ್ಯಾದೆ ಪ್ರಶ್ನೆ ಬೇಡ. ಸ್ಟಿಫ್ (ಕಮ್ಮಿ ಬಾಗೋದು) ತಗೊಂಡ್ರೆ ಗಟ್ಟಿಗ, ರೆಗ್ಯುಲರ್ (ಅದಕ್ಕಿಂತ ಜಾಸ್ತಿ ಬಾಗೋದು) ಅಂದ್ರೆ ಬಡಪಾಯಿ ಅಂತೇನಿಲ್ಲ. ಮೇಲೆ ಹೇಳಿದ 200 ಯಾರ್ಡಿನೋರಿಗೆ ರೆಗ್ಯುಲರ್ ಸಾಕು, ಅದಕ್ಕಿಂತ ಬಹಳ ಕಮ್ಮಿ ಹೋಗುತ್ತೆ ಅಂದ್ರೆ ಇನ್ನೂ ಸುಲಭವಾಗಿ ಬಾಗೋ ಸೀನಿಯರ್ ಫ್ಲೆಕ್ಸ್, ಗ್ರಾಫೈಟೇ ಇರಲಿ. ಶಾಫ್ಟ್ ತೀರಾ ಗಟ್ಟಿಯಾದ್ರೆ ಬಲಗೈ ಆಟಗಾರರಿಗೆ ಬಾಲ್ ತಗ್ಗಾಗಿ ಬಲಕ್ಕೆ ಹೋಗೋದು ಜಾಸ್ತಿ. ಕೆಲವು ವುಡ್ಡಲ್ಲಿ ಕುತ್ತಿಗೆ ಹತ್ರ ಸ್ಕ್ರೂ ಬಿಚ್ಚಿ ಲಾಫ್ಟ್ ಒಂದೆರಡು ಡಿಗ್ರಿ ಬದಲಿಸೋ ವ್ಯವಸ್ಥೆ ಇರುತ್ತೆ, ಲಾಫ್ಟ್ ಹೆಚ್ಚಿಸಿದ್ರೆ ಮುಖ ಸ್ವಲ್ಪ ಎಡಕ್ಕೆ ಮುಚ್ಚುತ್ತೆ ಅನ್ನೋದು ನೆನಪಿರಲಿ, ಸ್ಲೈಸ್ ಹೊಡೆಯೋರಿಗೆ (ಬಾಲ್ ಬಲಕ್ಕೆ ಬಾಗಿ ಹೋಗೋರಿಗೆ) ಅದು ಲಾಭವೇ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ

ನಮ್ಮ ಊರಲ್ಲಿ ಗಾಲ್ಫ್ ಅಂಗಡಿ ಎಲ್ಲಿಂದ ಬರಬೇಕು, ಆನ್‌ಲೈನಲ್ಲಿ ತರಿಸೋದು ಇಲ್ಲಾ ಯಾರೋ ಬಿಟ್ಟಿದ್ದನ್ನ ತಗೊಳ್ಳೋದು. ಎರಡನೇದೇ ಒಳ್ಳೇದು ಅಂತ ನನ್ನ ಲೆಕ್ಕ, ಯಾಕಂದ್ರೆ ಐದಾರು ವರ್ಷ ಹಳೇ ಮಾಡೆಲ್ಲಿಗೂ ಹೊಸದಕ್ಕೂ ನಮ್ಮ ಆಟದಲ್ಲಿ ಗೊತ್ತಾಗೋ ಅಂಥ ವ್ಯತ್ಯಾಸ ಇಲ್ಲ, ಬೆಲೆಯಲ್ಲಿ ಮಾತ್ರ ಬೇಕಾದಷ್ಟಿದೆ. ಆದ್ರೆ ಕೈಯಲ್ಲಿ ಹಿಡಿದು ನೋಡಿ. ಮುಖದ ಮೇಲೆ ಸ್ಕೂಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ವುಡ್ಡಿನ ಮುಖ ಸ್ವಲ್ಪ ಉಬ್ಬಿರಬೇಕು, ಚಪ್ಪಟೆ ಆಗಿದ್ರೆ ಅಥವಾ ಒಳಕ್ಕೆ ಹೋಗಿದ್ರೆ ಆ ಕ್ಲಬ್ ಮುಗೀತು ಅಂತಲೇ ತಿಳ್ಕೊಳ್ಳಿ. ಹೆಡ್ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಗಟಗಟ ಅಂದ್ರೆ ಅಂಟು ಬಿಟ್ಟಿದೆ. ಹೆಡ್ಡಿನ ನೆತ್ತಿ ಮೇಲೆ ಕೂದಲೆಳೆಯಷ್ಟು ಬಿರುಕು ಇದ್ಯಾ ಬೆಳಕಿಗೆ ಹಿಡಿದು ನೋಡಿ, ಬರೀ ಪೇಂಟ್ ಗೀರಿದ್ರೆ ಚಿಂತೆ ಇಲ್ಲ. ಗ್ರಾಫೈಟ್ ಶಾಫ್ಟ್ ಮೇಲೆ ಉಗುರು ಓಡಿಸಿ, ಆಳದ ಗಾಯ ಇದ್ರೆ ಬೇಡ, ಸ್ವಿಂಗ್ ಮಧ್ಯೆ ಮುರಿದ್ರೆ ಪಕ್ಕದೋರಿಗೂ ಅಪಾಯ. ಗ್ರಿಪ್ ಸವೆದಿದ್ರೆ ಬದಲಿಸಬಹುದು, ಅದಕ್ಕಾಗಿ ಒಳ್ಳೇ ಕ್ಲಬ್ ಬಿಡಬೇಡಿ. ಹೊಚ್ಚ ಹೊಸ ಕ್ಯಾಲವೇನೋ ಟೇಲರ್‌ಮೇಡೋ ಅರ್ಧ ಬೆಲೆಗೆ ಬಾಕ್ಸ್ ಪೀಸ್ ಅಂತ ಕೊಡ್ತಿದ್ರೆ ಅದು ಡೂಪ್ಲಿಕೇಟ್ ಇರೋ ಸಾಧ್ಯತೆ ಹೆಚ್ಚು.

ಇನ್ನು ಮರದ ಹಳೇ ವುಡ್ ಯಾರಾದ್ರೂ ಕೊಟ್ರೆ ಶೋಕೇಸಲ್ಲಿ ಇಡಿ. ಮೊದಲು ಪರ್ಸಿಮನ್ ಅನ್ನೋ ಗಟ್ಟಿ ಮರದಲ್ಲಿ ಮಾಡ್ತಿದ್ರು, 1979ರಲ್ಲಿ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಶುರು ಮಾಡಿ ಸ್ಟೀಲಿನ ವುಡ್ ಮಾರೋಕೆ ಹೊರಟ ಮೇಲೆ ನಿಧಾನಕ್ಕೆ ಮರ ಹೋಯ್ತು. ಟೊಳ್ಳು ಲೋಹದ ಹೆಡ್ಡಲ್ಲಿ ಭಾರಾನ ಕೆಳಗೆ, ಅಂಚಿಗೆ ಹಂಚಬಹುದು, ಅದಕ್ಕೇ ಇವತ್ತಿನ ಕ್ಲಬ್ಬಲ್ಲಿ ಮಧ್ಯಕ್ಕೆ ತಾಗದೇ ಇದ್ರೂ ಬಾಲ್ ಸುಮಾರಾಗಿ ಹೋಗುತ್ತೆ.

ಹೊಡೆಯೋ ಮುಂಚೆ ಬಾಲ್ ಎಲ್ಲಿ ಕೂತಿದೆ ನೋಡಿ

ದೂರ ನೋಡಿ ಕ್ಲಬ್ ತೆಗೆಯೋದು ನಮ್ಮೆಲ್ಲರ ಅಭ್ಯಾಸ. ಮೊದಲು ನೋಡಬೇಕಾಗಿದ್ದು ಕಾಲ ಕೆಳಗೆ, ಬಾಲ್ ಕೂತಿರೋ ಜಾಗ. 1935ರ ಮಾಸ್ಟರ್ಸಲ್ಲಿ ಜೀನ್ ಸಾರಜೆನ್ 15ನೇ ಹೋಲಲ್ಲಿ 235 ಯಾರ್ಡಿಂದ ಎರಡನೇ ಹೊಡೆತದಲ್ಲೇ ಬಾಲನ್ನ ಗುಂಡಿಗೆ ಹಾಕಿದ್ದು ಗಾಲ್ಫ್ ಗೊತ್ತಿದ್ದೋರೆಲ್ಲ ಹೇಳೋ ಕತೆ, ಆದ್ರೆ ಅವರು ಹೊಡೆದಿದ್ದು 3-ವುಡ್ಡಲ್ಲಿ ಅಲ್ಲ, 4-ವುಡ್ಡಲ್ಲಿ. ಬಾಲ್ ಹುಲ್ಲಲ್ಲಿ ಸ್ವಲ್ಪ ಕೆಳಗೆ ಕೂತಿತ್ತು, ಕಮ್ಮಿ ಲಾಫ್ಟಲ್ಲಿ ಅದು ಏಳಲ್ಲ ಅಂತ ಹೆಚ್ಚು ಲಾಫ್ಟಿನದನ್ನ ತೆಗೆದ್ರು.

ಅದೇ ಲೆಕ್ಕ ನಮಗೂ. ಬಾಲ್ ಹುಲ್ಲಿನ ಮೇಲೆ ಚೆನ್ನಾಗಿ ಕೂತು ಅರ್ಧಕ್ಕಿಂತ ಜಾಸ್ತಿ ಮೇಲೆ ಕಾಣ್ತಿದ್ರೆ ವುಡ್ ತೆಗೀರಿ. ಅರ್ಧ ಮುಳುಗಿದ್ರೆ 7-ವುಡ್ ಅಥವಾ ಹೈಬ್ರಿಡ್, ಅದೂ ಧೈರ್ಯ ಇದ್ರೆ. ಪೂರ್ತಿ ಮುಳುಗಿದ್ರೆ ಸುಮ್ನೆ 8 ಐರನ್ ತಗೊಂಡು ಫೇರ್‌ವೇಗೆ ವಾಪಸ್ ಹಾಕಿ. ದಟ್ಟ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ಕೊಂಡು ಮುಖ ಮುಚ್ಚಿಸಿಬಿಡುತ್ತೆ, ಬಾಲ್ ಎಡಕ್ಕೆ ಹೋಗಿ ಕಾಣೆ. ಫೆಬ್ರವರಿಯಿಂದ ಮೇವರೆಗೆ ಹುಲ್ಲು ಒಣಗಿ ಕೆಳಗೆ ಚಿರೆಕಲ್ಲಿನ ನೆಲ ಇಣುಕೋ ಜಾಗದಲ್ಲಿ ವುಡ್ ಬೇಡವೇ ಬೇಡ, ದಪ್ಪ ಸೋಲ್ ಗಟ್ಟಿ ನೆಲಕ್ಕೆ ಬಡಿದು ಪುಟಿದು ಬಾಲಿನ ನೆತ್ತಿಗೆ ತಾಗುತ್ತೆ. ಫೇರ್‌ವೇ ಬಂಕರಲ್ಲಿ ಬಾಲ್ ಮರಳಿನ ಮೇಲೆ ಕೂತು, ಮುಂದಿನ ಅಂಚು ತಗ್ಗಿದ್ರೆ ಮಾತ್ರ 7-ವುಡ್ ಹೊಡೀಬಹುದು, ಆದ್ರೆ ಹೊಡೆಯೋ ಮುಂಚೆ ಬಾಲಿನ ಹಿಂದೆ ಮುಂದೆ ಮರಳಿಗೆ ಕ್ಲಬ್ ತಾಗಿಸಿದ್ರೆ ದಂಡ ಬೀಳುತ್ತೆ.

ಈಗ ಹೊಡೆಯೋದು

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳ್ತೀನಿ, ಎಡಗೈಯವರು ತಿರುಗಿಸಿ ಓದ್ಕೊಳ್ಳಿ.

ಕಾಲು ಭುಜದ ಅಗಲಕ್ಕೆ ಇಟ್ಟು ನಿಲ್ಲಿ. ಬಾಲ್ ಎಡ ಹಿಮ್ಮಡಿಯ ನೇರಕ್ಕಿಂತ ಒಂದೆರಡು ಬಾಲಿನಷ್ಟು ಒಳಗೆ ಇರಲಿ, 7-ವುಡ್ಡಿಗೆ ಇನ್ನೊಂಚೂರು ಒಳಗೆ. ಡ್ರೈವರ್ ಹೊಡೆಯೋವಾಗ ಮಾಡೋ ಹಾಗೆ ಬಾಲನ್ನ ತೀರಾ ಮುಂದೆ ಇಟ್ಕೊಂಡು, ಮೈಯನ್ನ ಬಲಕ್ಕೆ ವಾಲಿಸಿ ನಿಂತ್ರೆ ಕೆಲಸ ಅಲ್ಲೇ ಕೆಡ್ತು, ಕ್ಲಬ್ ಬಾಲಿಗೆ ಮುಂಚೆ ನೆಲ ಮುಟ್ಟುತ್ತೆ. ಭಾರ ಎರಡೂ ಕಾಲ ಮೇಲೆ ಸಮ ಇರಲಿ. ಗ್ರಿಪ್ಪಿನ ತುದಿಯಿಂದ ಅರ್ಧ ಇಂಚು ಕೆಳಗೆ ಹಿಡೀರಿ, ಕಳ್ಕೊಳ್ಳೋ ದೂರ ಕೆಲವೇ ಯಾರ್ಡ್, ಹಿಡಿತ ಮಾತ್ರ ಎಷ್ಟೋ ಸುಧಾರಿಸುತ್ತೆ. ಹಿಡಿತ ಬಿಗಿ ಬೇಡ, ಮೊಣಕೈವರೆಗೆ ನರ ಎದ್ದು ಕಾಣ್ತಿದ್ರೆ ಅದು ಜಾಸ್ತಿ ಆಯ್ತು.

ಹಿಂದಕ್ಕೆ ತಗೊಳ್ಳೋವಾಗ ಮೊದಲ ಒಂದು ಅಡಿ ಕ್ಲಬ್ ನೆಲಕ್ಕೆ ಹತ್ರಾನೇ, ನಿಧಾನಕ್ಕೆ ಹೋಗಲಿ, ಮಣಿಕಟ್ಟಿಂದ ಎತ್ತಬೇಡಿ, ಎದೆ ತಿರುಗಲಿ. ಮೇಲೆ ಹೋದ ಮೇಲೆ ಒಂದು ಕ್ಷಣ ಸಾವಕಾಶ. ಇಳಿಯೋವಾಗ ಮೊದಲು ಎಡಗಾಲಿಗೆ ಭಾರ ಹೋಗಬೇಕು, ಆಮೇಲೆ ಕೈ. ನಮ್ಮ ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ) ಕತ್ತಿ ಬೀಸಿ ಹುಲ್ಲು ಸವರೋರನ್ನ ನೋಡಿ, ಕತ್ತಿ ನೆಲಕ್ಕೆ ಚುಚ್ಚಲ್ಲ, ಗಾಳಿಯಲ್ಲೂ ಹೋಗಲ್ಲ, ಬುಡದಲ್ಲೇ ಸರ್ರ ಅಂತ ಹಾದು ಹೋಗುತ್ತೆ, ವುಡ್ ಹೋಗಬೇಕಾಗಿದ್ದೂ ಹಾಗೇ. ಬಾಲಿಗೆ ತಾಗಿ, ಬಾಲ್ ಇದ್ದ ಜಾಗದಿಂದ ಮುಂದಕ್ಕೆ ಹುಲ್ಲಿನ ತುದಿ ಸವರಬೇಕು, ತೆಳ್ಳಗೆ ಗೀರು ಬಿದ್ರೂ ತೊಂದರೆ ಇಲ್ಲ. ಮುಗಿಸೋವಾಗ ಬೆಲ್ಟಿನ ಬಕಲ್ ಗುರಿ ಕಡೆ ನೋಡ್ತಿರಬೇಕು, ಬಲ ಹಿಮ್ಮಡಿ ಮೇಲೆ ಎದ್ದಿರಬೇಕು, ಆ ಭಂಗಿಯಲ್ಲಿ ಬಾಲ್ ಬೀಳೋವರೆಗೆ ಅಲ್ಲಾಡದೆ ನಿಲ್ಲೋಕೆ ಆಗ್ಬೇಕು. ಆಗ್ತಿಲ್ಲ ಅಂದ್ರೆ ಜೋರು ಜಾಸ್ತಿ ಆಗಿದೆ.

ಎಲ್ಲಕ್ಕಿಂತ ದೊಡ್ಡ ಖಾಯಿಲೆ ಬಾಲನ್ನ ಎತ್ತೋಕೆ ಹೋಗೋದು. ಬಾಲ್ ನೆಲದಲ್ಲಿದೆ, ಮೇಲೆ ಹೋಗ್ಬೇಕು, ಆದ್ರಿಂದ ನಾನೇ ಎತ್ತಬೇಕು ಅಂತ ಮನಸ್ಸು ಹೇಳುತ್ತೆ, ಭಾರ ಬಲಗಾಲ ಮೇಲೇ ಉಳಿದು ಎದೆ ಹಿಂದಕ್ಕೆ ಹೋಗುತ್ತೆ, ಆಗ ಸ್ವಿಂಗಿನ ಅತಿ ತಗ್ಗಿನ ಜಾಗ ಬಾಲಿಗಿಂತ ಹಿಂದೆ ಬೀಳುತ್ತೆ. ಅಲ್ಲಿ ನೆಲ ತಾಗಿದ್ರೆ ಫ್ಯಾಟ್, ತಾಗದೆ ಮೇಲೇಳ್ತಾ ಬಂದ್ರೆ ಬಾಲಿನ ನೆತ್ತಿಗೆ ಬಿದ್ದು ಟಾಪ್. ಫ್ಯಾಟೂ ಟಾಪೂ ಬೇರೆ ಬೇರೆ ತಪ್ಪು ಅಂತ ಕಂಡ್ರೂ ಬಹಳ ಸಲ ಎರಡಕ್ಕೂ ಮೂಲ ಇದೊಂದೇ. ಎತ್ತೋ ಕೆಲಸ ಲಾಫ್ಟಿಂದು ಮಾರಾಯ್ರೆ, ಅದಕ್ಕೇ ದುಡ್ಡು ಕೊಟ್ಟು ತಂದಿರೋದು. ಬಾಲ್ ಬಲಕ್ಕೆ ಬಾಗ್ತಿದ್ರೆ ಮೊದಲು ಗ್ರಿಪ್ ನೋಡಿ, ಎಡಗೈಯ ಎರಡು ಗೆಣ್ಣು ಆದ್ರೂ ನಿಮಗೆ ಕಾಣ್ತಿರಬೇಕು.

ಟೀ ಮೇಲೆ ಇಡೋವಾಗ ಡ್ರೈವರಿನಷ್ಟು ಎತ್ತರ ಬೇಡ, ಬಾಲ್ ನೆಲದಿಂದ ಕಾಲು ಇಂಚು, ಹೆಚ್ಚು ಅಂದ್ರೆ ಅರ್ಧ ಇಂಚು.

ಮನೆ ಹತ್ರ ಅಭ್ಯಾಸ

ಡ್ರೈವಿಂಗ್ ರೇಂಜ್ ಇಲ್ಲ ಅಂತ ಟ್ಯಾಗೋರ್ ಬೀಚಿಗೆ ವುಡ್ ತಗೊಂಡು ಹೋಗಬೇಡಿ, ಬೆಳಿಗ್ಗೆ ಐದೂವರೆಗೂ ಅಲ್ಲಿ ಜನ ಇರ್ತಾರೆ. ಗಾಲ್ಫ್ ಬಾಲ್ ಸುಮಾರು 46 ಗ್ರಾಮಿನ ಗಟ್ಟಿ ಉಂಡೆ, ನೆಟ್ಟಗೆ ತಾಗಿದ್ರೆ ಗಂಟೆಗೆ 200 ಕಿ.ಮೀ. ಹತ್ರ ವೇಗದಲ್ಲಿ ಹೋಗುತ್ತೆ, ಯಾರಿಗಾದ್ರೂ ಬಡಿದ್ರೆ ಮುಗೀತು ಕತೆ. ಕೊಯ್ಲಾದ ಗದ್ದೆಯಲ್ಲಿ, ಬ್ಯಾಣದಲ್ಲಿ ಹೊಡೆಯೋರು ತೂತಿನ ಪ್ಲಾಸ್ಟಿಕ್ ಬಾಲ್ ಅಥವಾ ಫೋಮ್ ಬಾಲ್ ತಗೊಳ್ಳಿ, ಕಳೆದ್ರೂ ದನ ಕರು ಬಾಯಿಗೆ ಹಾಕದ ಹಾಗೆ ಲೆಕ್ಕ ಮಾಡಿ ಹೆಕ್ಕಿ.

ನಿಜವಾದ ಬಾಲ್ ಹೊಡೀಬೇಕು ಅಂದ್ರೆ ಬಲೆ ಕಟ್ಟಿ, ಇದೊಂದು ವಿಷಯದಲ್ಲಿ ನಾವು ಬೆಂಗಳೂರಿನೋರಿಗಿಂತ ಪುಣ್ಯವಂತರು. ಬೈತಖೋಲ, ಬೇಲೇಕೇರಿ, ತದಡಿ ಬಂದರಲ್ಲಿ ಹಳೇ ಬಲೆ ಕೇಳಿ ನೋಡಿ. ಬೀಡುಬಲೆಯ ತೆಳ್ಳನೆ ನೂಲು ನಿಲ್ಲಲ್ಲ, ಬೇಕಾಗಿದ್ದು ಟ್ರಾಲ್ ಬಲೆಯ ದಪ್ಪ ನೂಲು, ಅದರಲ್ಲೂ ಕೊನೆಯ ಚೀಲದ ಭಾಗ, ಕಣ್ಣು ಸಣ್ಣ ಇರುತ್ತೆ. ಬಾಲಿನ ಅಡ್ಡಳತೆ 42.67 ಮಿ.ಮೀ., ಅಂದ್ರೆ ಬಲೆಯ ಕಣ್ಣು ಎಳೆದು ಅಗಲ ಮಾಡಿದ್ರೂ ಬಾಲ್ ತೂರಬಾರದು, ಬಾಲ್ ಜೊತೆಗೇ ತಗೊಂಡು ಹೋಗಿ ತಳ್ಳಿ ನೋಡಿ. ಅಡಿಕೆ ಒಣಗಿಸೋ ಅಂಗಳದ ಚಪ್ಪರದ ಕಂಬ ಖಾಲಿ ಇದ್ರೆ ಅದಕ್ಕೇ ಕಟ್ಟಬಹುದು. ಬಿಗಿಯಾಗಿ ಎಳೆದು ಕಟ್ಟಬೇಡಿ, ಬಾಲ್ ವಾಪಸ್ ನಿಮ್ಮ ಮೇಲೇ ಬರುತ್ತೆ, ಜೋಲು ಬಿಡಿ, ಎರಡು ಪದರ ಮಾಡಿ ಮಧ್ಯೆ ಒಂದು ಅಡಿ ಅಂತರ ಇಡಿ. ಹಿಂದೆ ಮನೆ ಗೋಡೆ, ಕಿಟಕಿ, ದನದ ಕೊಟ್ಟಿಗೆ ಇರಬಾರದು. ಬಿಸಿಲಿಗೆ ಬಲೆ ಲಡ್ಡಾಗುತ್ತೆ, ಆಗಾಗ ಕೈಯಲ್ಲಿ ಎಳೆದು ನೋಡ್ತಿರಿ.

ಬಲೆ ಮುಂದೆ ಏನು ಮಾಡೋದು ಅಂದ್ರೆ, ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೀರಿ. ಬಾಲ್ ಇಲ್ಲದೆ ಗೆರೆ ಮೇಲೆ ಸ್ವಿಂಗ್ ಮಾಡಿ, ಕ್ಲಬ್ ಹುಲ್ಲು ಸವರಿದ ಗುರುತು ಗೆರೆಯಿಂದ ಗುರಿ ಕಡೆಗೆ ಬೀಳ್ತಿದ್ಯಾ ನೋಡಿ. ಗೆರೆಗಿಂತ ಹಿಂದೆ ಬೀಳ್ತಿದ್ರೆ ಬಾಲ್ ಇಡೋಕೇ ಹೋಗಬೇಡಿ. ಸರಿ ಬರೋಕೆ ಶುರು ಆದ ಮೇಲೆ ಗಿಡ್ಡ ಟೀ ಮೇಲೆ ಬಾಲ್ ಇಟ್ಟು ಅರ್ಧ ಸ್ವಿಂಗ್, ಆಮೇಲೆ ನೆಲದ ಮೇಲೆ ಅರ್ಧ ಸ್ವಿಂಗ್, ಪೂರ್ತಿ ಸ್ವಿಂಗ್ ಕೊನೆಗೆ. ಮ್ಯಾಟ್ ಮೇಲೆ ಹೊಡೆಯೋರಿಗೆ ಒಂದು ಎಚ್ಚರಿಕೆ: ಎರಡಿಂಚು ಹಿಂದೆ ತಾಗಿದ್ರೂ ಕ್ಲಬ್ ಜಾರಿಕೊಂಡು ಹೋಗಿ ಬಾಲ್ ಚೆನ್ನಾಗೇ ಹೋಗುತ್ತೆ, ತಪ್ಪು ಗೊತ್ತಾಗಲ್ಲ. ಬಾಲಿನ ಹಿಂದೆ ಒಂದು ಗೇಣು ದೂರದಲ್ಲಿ ಮಡಚಿದ ಟವೆಲ್ ಇಡಿ, ಅದು ಹಾರಿದ್ರೆ ಹೊಡೆತ ಫ್ಯಾಟ್.

ಗಾಳಿ, ಮಳೆ, ಘಟ್ಟ

ಕರಾವಳಿಯಲ್ಲಿ ಬೇಸಿಗೆ ದಿನ ಹತ್ತು ಹನ್ನೊಂದಕ್ಕೆಲ್ಲ ಕಡಲ ಕಡೆಯಿಂದ ಗಾಳಿ ಶುರು, ಮಧ್ಯಾಹ್ನ ಜೋರು. ಬೆಳಿಗ್ಗೆ ಬೇಗ ಆಡಿದ್ರೆ ಅರ್ಧ ಸಮಸ್ಯೆ ಇಲ್ಲ. ಎದುರು ಗಾಳಿಗೆ ಜೋರಾಗಿ ಹೊಡೆದಷ್ಟೂ ಬಾಲಿಗೆ ಹಿಂದಿನ ಸುತ್ತು ಜಾಸ್ತಿ ಆಗಿ ಮೇಲೇರಿ ಅಲ್ಲೇ ನಿಂತು ಬೀಳುತ್ತೆ, ಅದಕ್ಕೇ 7-ವುಡ್ಡಿನ ದೂರ ಇದ್ರೆ 5-ವುಡ್ ತೆಗೆದು, ಒಂದಿಂಚು ಕೆಳಗೆ ಹಿಡಿದು, ಬಾಲನ್ನ ಅರ್ಧ ಬಾಲಿನಷ್ಟು ಹಿಂದೆ ಇಟ್ಟು ಸಾವಕಾಶ ಹೊಡೀರಿ.

ಮಳೆಗಾಲದಲ್ಲಿ ಉರುಳೋ ದೂರ ಸೊನ್ನೆ ಅಂತಲೇ ಲೆಕ್ಕ ಹಾಕಿ, ಬರೀ ಕ್ಯಾರಿ ನೋಡಿ ಕ್ಲಬ್ ಆರಿಸಿ. ಬಾಲ್ ತಾನೇ ಮಾಡಿದ ಗುಂಡಿಯಲ್ಲಿ ಹೂತಿದ್ರೆ, ನಿಂತ ಮಳೆ ನೀರಲ್ಲಿ ಬಿದ್ದಿದ್ರೆ ದಂಡ ಇಲ್ಲದೆ ತೆಗೆದು ಡ್ರಾಪ್ ಮಾಡೋಕೆ ರೂಲ್ ಇದೆ, ಸಂಕೋಚ ಬೇಡ. ಹೂತಿದ್ದಕ್ಕೆ ಈ ರಿಯಾಯ್ತಿ ಬಂಕರಲ್ಲಿ, ಪೆನಾಲ್ಟಿ ಏರಿಯಾದಲ್ಲಿ (ಗುರುತು ಹಾಕಿದ ಕೆರೆ, ಹಳ್ಳದಂಥ ಜಾಗ) ಸಿಗಲ್ಲ. ಮಳೆಗಾಲದಲ್ಲಿ ಕೆಲವು ಕಡೆ ಫೇರ್‌ವೇಯಲ್ಲಿ ಬಾಲ್ ಎತ್ತಿ ಒರೆಸಿ ಇಡೋಕೂ ಬಿಡ್ತಾರೆ, ಸ್ಟಾರ್ಟರ್ (ಆಟ ಶುರು ಮಾಡಿಸೋ ಕೋರ್ಸಿನ ಸಿಬ್ಬಂದಿ) ಹತ್ರ ಕೇಳಿ.

ಸಮುದ್ರ ಮಟ್ಟದಲ್ಲಿ ಅಳೆದ ದೂರ ಘಟ್ಟದ ಮೇಲೆ ಬದಲಾಗುತ್ತೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಬಾಲ್ ಹೆಚ್ಚುಕಮ್ಮಿ 3–4 ಪರ್ಸೆಂಟ್ ಜಾಸ್ತಿ ಹೋಗುತ್ತೆ. ಕಾಣಕೋಣದಲ್ಲಿ 180 ಯಾರ್ಡ್ ಹೋಗೋ ವುಡ್ ಅಲ್ಲಿ 186ರ ಹತ್ರ, ಗ್ರೀನ್ ಹಿಂದೆ ನೀರಿದ್ರೆ ಅಷ್ಟೇ ಸಾಕು ಬಾಲ್ ಮುಳುಗೋಕೆ.

ಕ್ಲಬ್ ಮಳೆಗಾಲ ಕಳೆಯಬೇಕಲ್ಲ

ಜೂನಿಂದ ಸೆಪ್ಟೆಂಬರ್ ನಮ್ಮಲ್ಲಿ ಚಪ್ಪಲಿಗೇ ಬೂಸಲು ಹಿಡಿಯುತ್ತೆ, ಗ್ರಿಪ್ಪಿಗೆ ಹಿಡಿಯಲ್ವಾ. ಆಡಿ ಬಂದ ಮೇಲೆ ಹೆಡ್ ಕವರ್ ತೆಗೆದು ಬೇರೆಯಾಗಿ ಒಣಗಿಸಿ, ಒದ್ದೆ ಕವರ್ ಹಾಕಿಟ್ರೆ ಒಳಗೇ ತುಕ್ಕು ಶುರು. ಬಚ್ಚಲ ಒಲೆ ಹತ್ರ ಇಟ್ಟು ಒಣಗಿಸೋದು, ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಡೋದು ಎರಡೂ ಬೇಡ, ಹೆಡ್ಡನ್ನ ಶಾಫ್ಟಿಗೆ ಹಿಡಿದಿರೋ ಅಂಟು ಬಿಸಿಗೆ ಸಡಿಲ ಆಗುತ್ತೆ. ಕಡಲ ಹತ್ರ ಆಡಿದ ದಿನ ಹೆಡ್ಡನ್ನ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಣ ಬಟ್ಟೆ. ಐರನ್ನಿನ ಸ್ಟೀಲ್ ಶಾಫ್ಟಿಗೆ ಎಣ್ಣೆ ಸವರಿದ ಬಟ್ಟೆಯಲ್ಲಿ ಒಂದು ಕೈ, ಗ್ರಿಪ್ಪಿಗೆ ಮಾತ್ರ ಎಣ್ಣೆ ತಾಗಬಾರದು. ಗ್ರಿಪ್ಪನ್ನ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೇ ಟೂತ್ ಬ್ರಷ್ ಹಾಕಿ ಉಜ್ಜಿ ನೆರಳಲ್ಲಿ ಒಣಗಿಸಿ, ತಿಂಗಳಿಗೊಮ್ಮೆ ಸಾಕು. ತೊಳೆದ ಮೇಲೂ ಜಾರ್ತಿದ್ರೆ ಹೊಸ ಗ್ರಿಪ್ ಹಾಕಿಸಿ.